ಕಾಲಮ್ ಇದೆ, ಆದರೂ ಇಲ್ಲ ಅನ್ನುತ್ತದೆ: ಹೈಬರ್ನೇಟ್‌ನಲ್ಲಿ ದೊಡ್ಡಕ್ಷರ ಸಣ್ಣಕ್ಷರದ ಜಗಳ

ಒಂದು ಬೆಳಿಗ್ಗೆ ಇನ್‌ವಾಯ್ಸ್ ರಿಪೋರ್ಟ್ ತೆರೆದರೆ ಹಣ ಕಟ್ಟಬೇಕಾದ ದಿನಾಂಕದ ಜಾಗ ಹೆಚ್ಚುಕಮ್ಮಿ ಪೂರ್ತಿ ಖಾಲಿ. ಆವತ್ತು ಹೊಸದಾಗಿ ಹಾಕಿದ ಏಳು ಇನ್‌ವಾಯ್ಸ್‌ಗಳಿಗೆ ಮಾತ್ರ ದಿನಾಂಕ ಬಂದಿತ್ತು. ಲಾಗ್‌ನಲ್ಲಿ ಒಂದೇ ಒಂದು ಎರರ್ ಇಲ್ಲ. ಡೇಟಾಬೇಸ್ ನೋಡಿದರೆ ಹಳೆಯ ದಿನಾಂಕಗಳೆಲ್ಲ ಇದ್ದಲ್ಲೇ ಇವೆ. ಎಂಟಿಟಿ ಕ್ಲಾಸ್, ಅಂದರೆ ಹೈಬರ್ನೇಟ್ ಅನ್ನುವ ಜಾವಾ ಲೈಬ್ರರಿ ಡೇಟಾಬೇಸ್ ಟೇಬಲ್‌ಗೆ ಹೊಂದಿಸುವ ಕ್ಲಾಸ್ ನೋಡಿದೆ, ಅಲ್ಲೂ ಹೆಸರು ಸರಿಯಾಗೇ ಇದೆ. ಅರ್ಧ ದಿನ ಆ ಒಂದೇ ಸಾಲನ್ನು ದಿಟ್ಟಿಸುತ್ತಾ ಕೂತೆ. ನಾನು ಮಾಡಿದ ತಪ್ಪು ಅದೇ. ನೋಡಬೇಕಾದ್ದು ಆ ಸಾಲನ್ನಲ್ಲ.

ಮುಂದೆ ಹೋಗುವ ಮೊದಲು ಒಂದು ಮಾತು. ಕನ್ನಡ ಲಿಪಿಯಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಅನ್ನುವ ತಾಪತ್ರಯ ಇಲ್ಲ. ಹಾಗಾಗಿ ಇಲ್ಲಿ ಹೆಸರುಗಳನ್ನು ಬಾಯಲ್ಲಿ ಹೇಳಿದ ಹಾಗೆ ಹೇಳುತ್ತೇನೆ, ನೀವು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿಕೊಳ್ಳಿ. ನಮ್ಮ ಕಾಲಮ್ ‘ಡ್ಯೂಡೇಟ್’. ಎರಡು ಪದ ಅಂಟಿಕೊಂಡಿವೆ, ಡೇಟ್‌ನ ಡಿ ಮಾತ್ರ ಕ್ಯಾಪಿಟಲ್. ‘ಡ್ಯೂ_ಡೇಟ್’ ಅಂತ ಬರೆದರೆ ನಡುವೆ ಅಂಡರ್‌ಸ್ಕೋರ್, ಎಲ್ಲವೂ ಸಣ್ಣಕ್ಷರ.

ಮೊದಲು ಮಾಡಬೇಕಾದ ಕೆಲಸ ಎರಡೇ. ಒಂದು, ಹೈಬರ್ನೇಟ್ ನಿಜವಾಗಿ ಯಾವ ಎಸ್‌ಕ್ಯೂಎಲ್ ಕಳಿಸುತ್ತಿದೆ ಅಂತ ನೋಡುವುದು. ‘ಆರ್ಗ್.ಹೈಬರ್ನೇಟ್.ಎಸ್‌ಕ್ಯೂಎಲ್’ ಅನ್ನುವ ಲಾಗರ್ ಅನ್ನು ಡಿಬಗ್ ಮಟ್ಟಕ್ಕೆ ಇಟ್ಟರೆ ಸಾಕು, ಪ್ರತಿ ಕ್ವೆರಿಯೂ ಲಾಗ್‌ಗೆ ಬಂದು ಬೀಳುತ್ತದೆ. ಎರಡು, ಡೇಟಾಬೇಸ್‌ನಲ್ಲಿ ಆ ಕಾಲಮ್‌ನ ಹೆಸರು ಹೇಗೆ ಕೂತಿದೆ ಅಂತ ಡೇಟಾಬೇಸ್‌ನನ್ನೇ ಕೇಳುವುದು. ಕ್ಲೈಂಟ್ ಟೂಲ್‌ನ ತಲೆಬರಹ ನಂಬಬೇಡಿ, ಕೆಲವು ಟೂಲ್‌ಗಳು ಅಂದಕ್ಕೆ ಎಲ್ಲವನ್ನೂ ಕ್ಯಾಪಿಟಲ್ ಮಾಡಿ ತೋರಿಸುತ್ತವೆ. ಪೋಸ್ಟ್‌ಗ್ರೆಸ್ ಆದರೆ ಹೀಗೆ ಕೇಳಿ:

ಸೆಲೆಕ್ಟ್ ಕಾಲಮ್_ನೇಮ್ ಫ್ರಮ್ ಇನ್ಫರ್ಮೇಶನ್_ಸ್ಕೀಮಾ.ಕಾಲಮ್ಸ್ ವೇರ್ ಟೇಬಲ್_ನೇಮ್ = 'ಇನ್‌ವಾಯ್ಸ್';

ಆ ಸಿಂಗಲ್ ಕೋಟ್ ಒಳಗಿನ ಟೇಬಲ್ ಹೆಸರು ಬರೀ ಒಂದು ಸ್ಟ್ರಿಂಗ್. ಅಕ್ಷರಕ್ಕೆ ಅಕ್ಷರ ಹೊಂದಬೇಕು. ಒರಾಕಲ್‌ನಲ್ಲಿ ‘ಯೂಸರ್_ಟ್ಯಾಬ್_ಕಾಲಮ್ಸ್’ ಕೇಳುವಾಗ ಇದನ್ನೇ ಕ್ಯಾಪಿಟಲ್‌ನಲ್ಲಿ ಹಾಕಬೇಕು. ಸಣ್ಣಕ್ಷರ ಹಾಕಿ, ಒಂದು ಸಾಲೂ ಬರದೆ, ‘ಟೇಬಲ್ಲೇ ಇಲ್ಲವಲ್ಲ’ ಅಂತ ಗಾಬರಿಯಾದವರಲ್ಲಿ ನಾನೂ ಒಬ್ಬ.

ಈಗ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ನನ್ನ ಲಾಗ್‌ನಲ್ಲಿ ಕ್ವೆರಿ ‘ಡ್ಯೂ_ಡೇಟ್’ ಅಂತ ಕೇಳುತ್ತಿತ್ತು. ಡೇಟಾಬೇಸ್‌ನ ಪಟ್ಟಿಯಲ್ಲಿ ‘ಡ್ಯೂಡೇಟ್’ ಇತ್ತು, ಅದರ ಕೆಳಗೆ ‘ಡ್ಯೂ_ಡೇಟ್’ ಕೂಡ ಇತ್ತು! ಎರಡನೆಯದನ್ನು ಯಾರೂ ಮಾಡಿರಲಿಲ್ಲ. ಅಂದರೆ, ಮನುಷ್ಯರು ಯಾರೂ ಮಾಡಿರಲಿಲ್ಲ.

ಹೆಸರು ಬದಲಾಗುವುದು ಎರಡು ಕಡೆ. ಜಾವಾ ಕಡೆ ನೇಮಿಂಗ್ ಸ್ಟ್ರಾಟೆಜಿ, ಅಂದರೆ ಹೈಬರ್ನೇಟ್ ಹೆಸರು ನಿರ್ಧರಿಸುವ ನಿಯಮ, ಬದಲಾಯಿಸುತ್ತದೆ, ಆಚೆ ಡೇಟಾಬೇಸ್ ಬದಲಾಯಿಸುತ್ತದೆ. ಡೇಟಾಬೇಸ್‌ದು ಮೊದಲು ಹೇಳಿಬಿಡುತ್ತೇನೆ. ಹೆಸರಿಗೆ ಡಬಲ್ ಕೋಟ್ ಹಾಕದಿದ್ದರೆ ಪೋಸ್ಟ್‌ಗ್ರೆಸ್ ಅದನ್ನು ಪೂರ್ತಿ ಸಣ್ಣಕ್ಷರ ಮಾಡಿಕೊಳ್ಳುತ್ತದೆ. ಒರಾಕಲ್ ಮತ್ತು ಎಚ್2 (ಟೆಸ್ಟ್‌ಗೆ ಬಳಸುವ ಪುಟ್ಟ ಡೇಟಾಬೇಸ್) ಪೂರ್ತಿ ದೊಡ್ಡಕ್ಷರ ಮಾಡಿಕೊಳ್ಳುತ್ತವೆ. ಎಸ್‌ಕ್ಯೂಎಲ್ ಸ್ಟ್ಯಾಂಡರ್ಡ್ ಹೇಳುವುದೂ ದೊಡ್ಡಕ್ಷರವನ್ನೇ, ಪೋಸ್ಟ್‌ಗ್ರೆಸ್ ಇಲ್ಲಿ ತನ್ನದೇ ದಾರಿ ಹಿಡಿದಿದೆ. ಕೋಟ್ ಹಾಕಿದರೆ ಮಾತ್ರ ಬರೆದದ್ದು ಬರೆದ ಹಾಗೇ ಉಳಿಯುತ್ತದೆ. ಯಾರಾದರೂ ಟೇಬಲ್ ಮಾಡುವಾಗ ಕೋಟ್ ಹಾಕಿ ನಡುವೆ ಒಂದು ಕ್ಯಾಪಿಟಲ್ ತುರುಕಿದರು ಅನ್ನಿ, ಆಮೇಲೆ ಬರುವವರೆಲ್ಲ ಜೀವನಪೂರ್ತಿ ಕೋಟ್ ಹಾಕುತ್ತಲೇ ಇರಬೇಕು. ನಮ್ಮ ಇನ್‌ವಾಯ್ಸ್ ಟೇಬಲ್ ಹಾಗೇ ಹುಟ್ಟಿದ್ದು.

ಇದು ಸಾಮಾನ್ಯವಾಗಿ ಎರರ್ ಆಗಿ ಕಾಣಿಸಿಕೊಳ್ಳುತ್ತದೆ, ಅದು ನಿಮ್ಮ ಪುಣ್ಯ. ಪೋಸ್ಟ್‌ಗ್ರೆಸ್ ‘ಕಾಲಮ್ ಇಲ್ಲ’ ಅನ್ನುತ್ತದೆ, ಎಸ್‌ಕ್ಯೂಎಲ್ ಸ್ಟೇಟ್ 42703. ಎಷ್ಟೋ ಸಲ ಕೆಳಗಿನ ಹಿಂಟ್ ಸಾಲಿನಲ್ಲಿ ‘ನೀವು ಕೇಳಿದ್ದು ಇದನ್ನೇನೋ’ ಅಂತ ಸರಿಯಾದ ಹೆಸರನ್ನೂ ಹೇಳಿರುತ್ತದೆ. ಸ್ಟ್ಯಾಕ್ ಟ್ರೇಸ್‌ನ ಮೊದಲ ಸಾಲಿಗೇ ನಿಲ್ಲಬೇಡಿ, ಕೆಳಗಿನ ‘ಕಾಸ್ಡ್ ಬೈ’ವರೆಗೂ ಇಳಿಯಿರಿ. ಒರಾಕಲ್ ಆದರೆ ಒಆರ್‌ಎ-00904, ‘ಇನ್‌ವ್ಯಾಲಿಡ್ ಐಡೆಂಟಿಫೈಯರ್’.

ಇನ್ನು ಜಾವಾ ಕಡೆಯದು. ನನ್ನ ಅರ್ಧ ದಿನ ತಿಂದದ್ದು ಇದು. ಹೈಬರ್ನೇಟ್ 5ರಿಂದ ನೇಮಿಂಗ್ ಸ್ಟ್ರಾಟೆಜಿ ಎರಡು ಭಾಗ ಆಗಿದೆ. ನೀವು ಹೆಸರು ಕೊಡದಿದ್ದಾಗ ಒಂದು ಹೆಸರು ಊಹಿಸುವುದು ಇಂಪ್ಲಿಸಿಟ್ ಸ್ಟ್ರಾಟೆಜಿ. ಆಮೇಲೆ ಫಿಸಿಕಲ್ ಸ್ಟ್ರಾಟೆಜಿ ಬರುತ್ತದೆ. ಅದು ಊಹಿಸಿದ ಹೆಸರನ್ನೂ ಬಿಡುವುದಿಲ್ಲ, ನೀವೇ ಕೈಯಾರೆ ಬರೆದ ಹೆಸರನ್ನೂ ಬಿಡುವುದಿಲ್ಲ. ಬರೀ ಹೈಬರ್ನೇಟ್ ಬಳಸುವಾಗ ಅದು ಹೆಸರನ್ನು ಮುಟ್ಟದೆ ದಾಟಿಸುತ್ತದೆ. ಹೈಬರ್ನೇಟ್ ಅನ್ನು ಒಳಗಿಟ್ಟುಕೊಂಡು ಬರುವ ಜಾವಾ ಫ್ರೇಮ್‌ವರ್ಕ್ ಸ್ಪ್ರಿಂಗ್ ಬೂಟ್ ಮಾತ್ರ ತನ್ನ ಡೀಫಾಲ್ಟ್ ಕೂರಿಸಿರುತ್ತದೆ: ನಡುವಿನ ಕ್ಯಾಪಿಟಲ್ ಕಂಡರೆ ಅಂಡರ್‌ಸ್ಕೋರ್ ಸೇರಿಸು, ಎಲ್ಲವನ್ನೂ ಸಣ್ಣಕ್ಷರ ಮಾಡು. ಅನ್ನೋಟೇಶನ್‌ನಲ್ಲಿ (ಕ್ಲಾಸ್‌ನೊಳಗೆ ಹೈಬರ್ನೇಟ್‌ಗೆ ಬರೆಯುವ ಸೂಚನೆಯಲ್ಲಿ) ಸ್ಪಷ್ಟವಾಗಿ ಬರೆದ ಮೇಲೂ ಹೀಗೆ ಮಾಡುತ್ತದೆ ಅಂತ ಯಾರಿಗೆ ತಾನೇ ಹೊಳೆಯುತ್ತದೆ ಹೇಳಿ? ಅದಕ್ಕಿಂತ ಜಾಸ್ತಿ ಸಿಟ್ಟು ಬಂದದ್ದು ಇನ್ನೊಂದಕ್ಕೆ. ನಾನು ಆಗ ಬಳಸುತ್ತಿದ್ದ ಸ್ಪ್ರಿಂಗ್ ಬೂಟ್ 2ರಲ್ಲಿ ಕೋಟ್ ಹಾಕಿದ ಹೆಸರನ್ನೂ ಅದು ಬದಲಿಸಿ, ಕೋಟ್ ಅನ್ನು ಮಾತ್ರ ಹಾಗೇ ಇಟ್ಟು ಕಳಿಸುತ್ತಿತ್ತು.

ನಡೆದದ್ದು ಇಷ್ಟು. ಹಳೆಯ ಬರೀ ಹೈಬರ್ನೇಟ್ ಮಾಡ್ಯೂಲ್ ಅನ್ನು ನಾನು ಸ್ಪ್ರಿಂಗ್ ಬೂಟ್‌ಗೆ ಸಾಗಿಸಿದ್ದೆ. ಡ್ಯೂಡೇಟ್ ಹೋಗಿ ಡ್ಯೂ_ಡೇಟ್ ಆಯಿತು. ಸೆಟ್ಟಿಂಗ್‌ನಲ್ಲಿ ‘ಡಿಡಿಎಲ್-ಆಟೋ’ (ಶುರುವಾಗುವಾಗ ಟೇಬಲ್‌ಗಳನ್ನು ಏನು ಮಾಡಬೇಕು ಅಂತ ಹೇಳುವುದು) ಬೆಲೆ ‘ಅಪ್‌ಡೇಟ್’ ಅಂತ ಇತ್ತು. ಹೈಬರ್ನೇಟ್ ಟೇಬಲ್ ನೋಡಿತು, ಡ್ಯೂ_ಡೇಟ್ ಕಾಣಲಿಲ್ಲ, ಸುಮ್ನೆ ತಾನೇ ಒಂದು ಖಾಲಿ ಕಾಲಮ್ ಸೇರಿಸಿಕೊಂಡಿತು. ಹಳೆಯ ಸಾಲುಗಳಿಗೆಲ್ಲ ನಲ್, ಹೊಸವಕ್ಕೆ ಮಾತ್ರ ದಿನಾಂಕ. ಹಳೆಯ ಕಾಲಮ್‌ಗೆ ನಾಟ್ ನಲ್ ಇದ್ದಿದ್ದರೆ ಮೊದಲ ಇನ್ಸರ್ಟ್‌ನಲ್ಲೇ ಸಿಕ್ಕಿಬೀಳುತ್ತಿತ್ತು. ಅಪ್‌ಡೇಟ್ ತೆಗೆದು ‘ವ್ಯಾಲಿಡೇಟ್’ ಹಾಕಿ. ಆಗ ಅಪ್ಲಿಕೇಶನ್ ಶುರುವಾಗುವಾಗಲೇ ‘ಮಿಸ್ಸಿಂಗ್ ಕಾಲಮ್’ ಅಂತ ಹೆಸರು ಹೇಳಿ ನಿಲ್ಲುತ್ತದೆ. ಇಡೀ ಲೇಖನದಲ್ಲಿ ಒಂದೇ ಸಲಹೆ ತೆಗೆದುಕೊಳ್ಳುವುದಾದರೆ ಇದನ್ನು ತೆಗೆದುಕೊಳ್ಳಿ.

ಸರಿಪಡಿಸುವುದು ಹೇಗೆ? ಟೇಬಲ್ ನಿಮ್ಮದೇ ಆಗಿದ್ದರೆ, ಬೇರೆ ಯಾರೂ ಅದನ್ನು ಓದದಿದ್ದರೆ, ‘ಆಲ್ಟರ್ ಟೇಬಲ್’, ‘ರಿನೇಮ್ ಕಾಲಮ್’ ಮಾಡಿ ಅಂಡರ್‌ಸ್ಕೋರ್ ಹೆಸರು ಕೊಟ್ಟು ಮುಗಿಸಿಬಿಡಿ. ಹಳೆಯ ಹೆಸರಿಗೆ ಡಬಲ್ ಕೋಟ್ ಮರೆಯಬೇಡಿ.

ನಮ್ಮ ಟೇಬಲ್ ಅನ್ನು ಇನ್ನೊಂದು ಟೀಮ್ ಕೂಡ ಓದುತ್ತಿತ್ತು, ಹಾಗಾಗಿ ಈ ದಾರಿ ಮುಚ್ಚಿತ್ತು. ಮೊದಲು ನಾನು ‘ಸ್ಪ್ರಿಂಗ್.ಜೆಪಿಎ.ಹೈಬರ್ನೇಟ್.ನೇಮಿಂಗ್.ಫಿಸಿಕಲ್-ಸ್ಟ್ರಾಟೆಜಿ’ಗೆ ಹೈಬರ್ನೇಟ್‌ನ ‘ಫಿಸಿಕಲ್‌ನೇಮಿಂಗ್‌ಸ್ಟ್ರಾಟೆಜಿ‌ಸ್ಟ್ಯಾಂಡರ್ಡ್‌ಇಂಪ್ಲ್’ ಕೊಟ್ಟೆ. ಇನ್‌ವಾಯ್ಸ್ ಸರಿಹೋಯಿತು. ಅಂಡರ್‌ಸ್ಕೋರ್ ಬದಲಾವಣೆಯನ್ನೇ ನಂಬಿಕೊಂಡಿದ್ದ ಉಳಿದ ಎಂಟಿಟಿಗಳೆಲ್ಲ ಕೆಟ್ಟವು. ಕೊನೆಗೆ ಒಂದು ಪುಟ್ಟ ಕ್ಲಾಸ್ ಬರೆದೆ. ಅದು ‘ಕ್ಯಾಮೆಲ್‌ಕೇಸ್‌ಟುಅಂಡರ್‌ಸ್ಕೋರ್ಸ್‌ನೇಮಿಂಗ್‌ಸ್ಟ್ರಾಟೆಜಿ’ಯನ್ನು ಎಕ್ಸ್‌ಟೆಂಡ್ ಮಾಡುತ್ತದೆ. ಒಳಗೆ ‘ಟುಫಿಸಿಕಲ್‌ಕಾಲಮ್‌ನೇಮ್’ ಅನ್ನುವ ಒಂದೇ ಮೆಥಡ್. ಬಂದ ಐಡೆಂಟಿಫೈಯರ್‌ನ ‘ಈಸ್‌ಕೋಟೆಡ್’ ನಿಜವಾಗಿದ್ದರೆ ಮುಟ್ಟದೆ ವಾಪಸ್ ಕೊಡು, ಇಲ್ಲದಿದ್ದರೆ ಸೂಪರ್‌ಗೆ ಬಿಡು. ಎಂಟಿಟಿಯಲ್ಲಿ ಆ ಒಂದು ಕಾಲಮ್‌ನ ಹೆಸರು ಬ್ಯಾಕ್‌ಟಿಕ್ ಒಳಗೇ ಇರಬೇಕು. ಹೈಬರ್ನೇಟ್ ಅದನ್ನು ಆಯಾ ಡೇಟಾಬೇಸ್‌ನ ಕೋಟ್ ಮಾಡಿಕೊಳ್ಳುತ್ತದೆ. ಕೋಟ್ ಹಾಕಿದ್ದು ಬರೆದ ಹಾಗೆ, ಉಳಿದದ್ದು ಅಂಡರ್‌ಸ್ಕೋರ್ ಹಾಗೆ.

‘ಗ್ಲೋಬಲಿ_ಕೋಟೆಡ್_ಐಡೆಂಟಿಫೈಯರ್ಸ್’ ಅನ್ನು ಟ್ರೂ ಮಾಡಿ ಅಂತ ಯಾರಾದರೂ ಹೇಳಬಹುದು. ನನಗೆ ಅದು ಇಷ್ಟವಿಲ್ಲ. ಎಲ್ಲ ಹೆಸರಿಗೂ ಕೋಟ್ ಬೀಳುತ್ತದೆ. ಒರಾಕಲ್‌ನಲ್ಲಿ ಟೇಬಲ್‌ಗಳೆಲ್ಲ ದೊಡ್ಡಕ್ಷರದಲ್ಲಿದ್ದು ನೀವು ಸಣ್ಣಕ್ಷರಕ್ಕೆ ಕೋಟ್ ಹಾಕಿ ಕಳಿಸಿದರೆ ಒಂದೂ ಸಿಗುವುದಿಲ್ಲ.

ಎಚ್2 ಮೇಲೆ ಟೆಸ್ಟ್ ಪಾಸ್ ಆಯಿತು ಅಂತ ನೆಮ್ಮದಿ ಬೇಡ. ಅಲ್ಲಿ ಟೇಬಲ್ ಮಾಡಿದ್ದೂ ಹೈಬರ್ನೇಟ್, ಕೇಳಿದ್ದೂ ಹೈಬರ್ನೇಟ್, ಹೆಸರು ಹೊಂದದೆ ಇರಲು ಸಾಧ್ಯವೇ ಇಲ್ಲ. ಮೈಎಸ್‌ಕ್ಯೂಎಲ್‌ನವರಿಗೆ ಕಾಲಮ್ ಹೆಸರಿನ ಚಿಂತೆ ಇಲ್ಲ, ಅಲ್ಲಿ ಅಕ್ಷರದ ಗಾತ್ರ ಲೆಕ್ಕಕ್ಕೇ ಇಲ್ಲ. ಟೇಬಲ್ ಹೆಸರು ಮಾತ್ರ ವಿಂಡೋಸ್‌ನಲ್ಲಿ ನಡೆದು ಲಿನಕ್ಸ್ ಸರ್ವರ್‌ನಲ್ಲಿ ಕೈಕೊಡುತ್ತದೆ.

ಇದೇ ರೋಗದ ಲಕ್ಷಣ ತೋರಿಸುವ ಬೇರೆ ರೋಗವೂ ಒಂದಿದೆ. ಐಡಿ ಅನ್ನೋಟೇಶನ್ ಗೆಟರ್ ಮೇಲಿದ್ದು, ಕಾಲಮ್ ಅನ್ನೋಟೇಶನ್ ಫೀಲ್ಡ್ ಮೇಲಿದ್ದರೆ ಹೈಬರ್ನೇಟ್ ಎರಡನೆಯದನ್ನು ಓದುವುದೇ ಇಲ್ಲ. ಏನು ಬರೆದರೂ ಎಸ್‌ಕ್ಯೂಎಲ್ ಬದಲಾಗುತ್ತಿಲ್ಲ ಅನ್ನಿಸಿದರೆ ಇದನ್ನು ನೋಡಿ.

ಕೊನೆಗೆ, ಎರಡು ಕಾಲಮ್ ಆಗಿಬಿಟ್ಟಿದ್ದರೆ ಗುಡಿಸುವ ಕೆಲಸ ಬಾಕಿ. ಮೊದಲು ಸರಿಪಡಿಸಿದ ಕೋಡ್ ಡಿಪ್ಲಾಯ್ ಮಾಡಿ, ಇಲ್ಲದಿದ್ದರೆ ತಪ್ಪು ಕಾಲಮ್ ತುಂಬುತ್ತಲೇ ಇರುತ್ತದೆ. ಆಮೇಲೆ ಡ್ಯೂ_ಡೇಟ್ ನಲ್ ಇಲ್ಲದ ಸಾಲುಗಳನ್ನು ಮಾತ್ರ ಎಣಿಸಿ. ನನಗೆ ಅಷ್ಟರಲ್ಲಿ ಹತ್ತೊಂಬತ್ತು ಆಗಿದ್ದವು. ಅವುಗಳ ಬೆಲೆಯನ್ನು ಡ್ಯೂಡೇಟ್‌ಗೆ ಒಂದು ಅಪ್‌ಡೇಟ್‌ನಲ್ಲಿ ನಕಲು ಮಾಡಿ, ಹತ್ತೊಂಬತ್ತೇ ಬದಲಾದವು ಅಂತ ನೋಡಿಕೊಂಡು, ಎರಡು ದಿನ ಬಿಟ್ಟು ಆ ತಪ್ಪು ಕಾಲಮ್ ತೆಗೆದೆ.