ರೀಬಾಂಡಿಂಗ್ ಬಿಟ್ಟು ಗುಂಗುರು ಕೂದಲಿಗೆ: ನನ್ನ 28 ತಿಂಗಳು

ಕ್ರೀಮ್ ಹಚ್ಚಿ ಕೂದಲನ್ನು ನೇರ ಮಾಡುವ ರೀಬಾಂಡಿಂಗನ್ನು ನಾನು ಕೊನೆಯ ಸಲ ಮಾಡಿಸಿದ್ದು 2021ರ ಜನವರಿಯಲ್ಲಿ. ಅದು ನಾಲ್ಕನೆಯ ಸಲ. ಅವತ್ತು ಪಾರ್ಲರ್‌ನಲ್ಲಿ ಕ್ರೀಮನ್ನು ಜಾಸ್ತಿ ಹೊತ್ತು ಬಿಟ್ಟುಬಿಟ್ಟರು. ಬಲಗಿವಿಯ ಹಿಂದೆ ಉರಿ ಶುರುವಾಯಿತು. "ಸ್ವಲ್ಪ ತಡ್ಕೊಳ್ಳಿ ಮೇಡಂ" ಅಂದರು, ತಡೆದುಕೊಂಡೆ. ಎರಡು ವಾರ ಕಳೆಯುವಷ್ಟರಲ್ಲಿ ಆ ಜಾಗದ ಕೂದಲು ತುಂಡು ತುಂಡಾಗಿ ಬಾಚಣಿಗೆಗೆ ಬರತೊಡಗಿತು. ಇನ್ನು ಸಾಕು ಅಂತ ಅವತ್ತೇ ತೀರ್ಮಾನ ಮಾಡಿದೆ.

ನನ್ನದು ಹುಟ್ಟಿನಿಂದಲೇ ಗುಂಗುರು ಕೂದಲು, ಅಮ್ಮನದೂ ಹಾಗೇ. ಸ್ಕೂಲಿಗೆ ಹೋಗುವಾಗ ಎಣ್ಣೆ ಹಚ್ಚಿ, ಎರಡು ಜಡೆ ಬಿಗಿದು ಕಳಿಸುತ್ತಿದ್ದರು. ಬಿಟ್ಟರೆ ಅದು ಹೇಗೆ ಕಾಣುತ್ತದೆ ಅಂತ ನಾನೇ ನೋಡಿರಲಿಲ್ಲ. ಕೆಲಸಕ್ಕೆ ಸೇರಿ ಜಡೆ ಬಿಟ್ಟಾಗ ಕೂದಲು ಕೆದರಿ ನಿಂತಿತು. ಪಾರ್ಲರ್ ದಾರಿ ಹಿಡಿದೆ.

ಮೊದಲು ನಾನು ಅರ್ಥ ಮಾಡಿಕೊಳ್ಳಬೇಕಿದ್ದದ್ದು ಇದು. ಕೂದಲಿನ ಒಳಗೆ ಗಂಧಕದ ಬೆಸುಗೆಗಳಿವೆ, ಆಕಾರ ಉಳಿಯುವುದು ಅವುಗಳಿಂದ. ರೀಬಾಂಡಿಂಗ್ ಕ್ರೀಮಿನಲ್ಲಿರುವ ಥಯೋಗ್ಲೈಕೊಲೇಟ್ ಅನ್ನುವ ರಾಸಾಯನಿಕ ಆ ಬೆಸುಗೆ ಬಿಡಿಸುತ್ತದೆ. ಆಮೇಲೆ ಬಿಸಿ ಐರನ್‌ನಿಂದ ಕೂದಲನ್ನು ನೇರ ಮಾಡಿ, ಇನ್ನೊಂದು ದ್ರವ ಹಚ್ಚಿ ಹಾಗೇ ಬೆಸೆಯುತ್ತಾರೆ. ಆಫ್ರಿಕನ್ ಮೂಲದ ಹೆಂಗಸರು ಕೂದಲು ನೇರ ಮಾಡಲು ಬಳಸುವ ರಿಲ್ಯಾಕ್ಸರ್ ಕ್ರೀಮ್‌ಗಳಲ್ಲಿ ಹಲವಕ್ಕೆ ಸೋಡಿಯಂ ಹೈಡ್ರಾಕ್ಸೈಡ್, ಅಂದರೆ ಕಾಸ್ಟಿಕ್ ಸೋಡಾ, ಹಾಕಿರುತ್ತಾರೆ, ಅದು ಇನ್ನೂ ತೀಕ್ಷ್ಣ. ಒಂದನ್ನು ಮಾಡಿಸಿದ ಕೂದಲಿಗೆ ಇನ್ನೊಂದನ್ನು ಹಚ್ಚಲೇಬಾರದು, ಕೂದಲು ಕಿತ್ತು ಬರುತ್ತದೆ. ಯಾವುದೇ ಆಗಲಿ, ನೇರ ಆದ ಕೂದಲನ್ನು ಯಾವ ಎಣ್ಣೆಯೂ ಯಾವ ಸ್ಪಾ ಕೂಡ ಮತ್ತೆ ಗುಂಗುರು ಮಾಡುವುದಿಲ್ಲ. ಬುಡದಿಂದ ಹೊಸದು ಬರಬೇಕು, ಹಳೆಯದನ್ನು ಕತ್ತರಿಸಬೇಕು, ಅಷ್ಟೇ. ಕೂದಲು ಬೆಳೆಯುವುದು ತಿಂಗಳಿಗೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್. ಒಂದೇ ಸಲ ಎಲ್ಲಾ ಕತ್ತರಿಸಿಬಿಡುವವರಿದ್ದಾರೆ, ಅದನ್ನು ಬಿಗ್ ಚಾಪ್ ಅನ್ನುತ್ತಾರೆ. ನನಗೆ ಅಷ್ಟು ಧೈರ್ಯ ಇರಲಿಲ್ಲ. ಎರಡು ತಿಂಗಳಿಗೊಮ್ಮೆ ತುದಿ ಕತ್ತರಿಸುತ್ತಾ ಹೋಗೋಣ ಅಂದುಕೊಂಡೆ.

ಆರು ತಿಂಗಳ ಹೊತ್ತಿಗೆ ತಲೆಯ ಮೇಲೆ ಎರಡು ಜಾತಿಯ ಕೂದಲಿತ್ತು. ಒಂದು ಎಳೆ ಹಿಡಿದು ನೋಡಿದರೆ ಬುಡದಲ್ಲಿ ಸ್ಪ್ರಿಂಗಿನ ಹಾಗೆ ಎರಡು ಸುರುಳಿ, ಅಲ್ಲಿಂದ ಕೆಳಗೆ ಹೊಲಿಗೆ ದಾರದ ಹಾಗೆ ನೇರ. ಎರಡೂ ಸೇರುವ ಜಾಗವೇ ಎಲ್ಲಕ್ಕಿಂತ ದುರ್ಬಲ. ಮೆಲ್ಲಗೆ ಎಳೆದರೂ ಅಲ್ಲೇ ಕಿತ್ತುಹೋಗುತ್ತಿತ್ತು. ಆ ಸಂದನ್ನು ಕಾಪಾಡಿಕೊಳ್ಳುವುದೇ ನನ್ನ ಪೂರ್ತಿ ಕೆಲಸವಾಯಿತು.

ಅದನ್ನು ಕಲಿಸಿದ್ದು ಅಮ್ಮ. ಒಂದು ಭಾನುವಾರ ಸಿಕ್ಕು ಬಿಡಿಸಲಾಗದೆ ಅಳು ಬಂದಿತ್ತು. ಅಮ್ಮ ಹಿಂದೆ ಬಂದು ಕೂತರು. "ಮೇಲಿಂದ ಎಳೀಬೇಡ್ವೇ, ತುದಿಯಿಂದ ಬಿಡಿಸ್ಕೊಂಡು ಬಾ" ಅಂದರು. ಕೂದಲನ್ನು ನಾಲ್ಕು ಭಾಗ ಮಾಡಿ, ಒಂದೊಂದಕ್ಕೂ ಕ್ಲಿಪ್ ಹಾಕಿದರು. ಎಡಗೈಯಲ್ಲಿ ಸಂದಿನ ಮೇಲೆ ಬಿಗಿಯಾಗಿ ಹಿಡಿದು, ಬಲಗೈ ಬೆರಳಿನಲ್ಲೇ ತುದಿಯ ಸಿಕ್ಕು ಬಿಡಿಸಿದರು. ಎಳೆತವೆಲ್ಲ ಹಿಡಿದ ಕೈಗೆ ಬೀಳುತ್ತಿತ್ತು, ಬುಡಕ್ಕೆ ಹೋಗುತ್ತಲೇ ಇರಲಿಲ್ಲ. ಅವತ್ತಿನಿಂದ ನಾನು ಒಣಗಿದ ಕೂದಲನ್ನು ಬಾಚಿಲ್ಲ. ತಲೆಗೆ ಸ್ನಾನ ಮಾಡುವಾಗ, ಕಂಡೀಷನರ್ ಹಚ್ಚಿಕೊಂಡೇ ಅಗಲ ಹಲ್ಲಿನ ಬಾಚಣಿಗೆಯಲ್ಲಿ ಬಾಚುತ್ತೇನೆ. ಸ್ನಾನಕ್ಕೆ ಮೊದಲು ಒಂದು ಗಂಟೆ ಕೊಬ್ಬರಿ ಎಣ್ಣೆ. ಅದು ಕೂದಲಿನ ಒಳಗೆ ಇಳಿಯುತ್ತದೆ, ತೊಳೆಯುವಾಗ ಪ್ರೋಟೀನ್ ಹೋಗುವುದನ್ನು ಕಡಿಮೆ ಮಾಡುತ್ತದೆ.

ಇನ್ನು ನೀರು. ಬೆಂಗಳೂರಿನಲ್ಲಿ ಈ ಮಾತು ಆಡದೆ ಕೂದಲಿನ ಮಾತು ಮುಗಿಯುವುದಿಲ್ಲ. ಆಗ ನಾವು ಹೊರಮಾವಿನಲ್ಲಿ ಬಾಡಿಗೆಗಿದ್ದೆವು. ಬೋರ್‌ವೆಲ್ ನೀರು, ಬೇಸಿಗೆಯಲ್ಲಿ ಟ್ಯಾಂಕರ್. ನಲ್ಲಿಯ ಮೇಲೆ, ಬಕೆಟ್ ಅಂಚಿನ ಮೇಲೆ ಬಿಳಿ ಪೊರೆ ಕಟ್ಟುತ್ತಿತ್ತಲ್ಲ, ಆ ಕ್ಯಾಲ್ಸಿಯಂ ಕೂದಲಿನ ಮೇಲೂ ಕೂರುತ್ತದೆ. ಎಷ್ಟು ಕಂಡೀಷನರ್ ಹಾಕಿದರೂ ಕೂದಲು ತೆಂಗಿನ ನಾರಿನಂತೆ ಇರುತ್ತಿತ್ತು. ರಾಜಾಜಿನಗರದ ಚಿಕ್ಕಮ್ಮನ ಮನೆಯಲ್ಲಿ ಕಾವೇರಿ ನೀರಿನಲ್ಲಿ ಒಮ್ಮೆ ತಲೆ ತೊಳೆದಾಗ ವ್ಯತ್ಯಾಸ ಗೊತ್ತಾಯಿತು. ಆಮೇಲೆ ಮನೆಯಲ್ಲಿ ಕೊನೆಯ ಎರಡು ಚೊಂಬು ಮಾತ್ರ ಫಿಲ್ಟರ್ ನೀರು ಹುಯ್ದುಕೊಳ್ಳುತ್ತಿದ್ದೆ. ದುಬಾರಿ ಸೀರಮ್‌ಗಳಿಗಿಂತ ಅದು ಎಷ್ಟೋ ಮೇಲು.

ಜೆಲ್ ಮನೆಯಲ್ಲೇ ಮಾಡುತ್ತೇನೆ. ಎರಡು ಚಮಚ ಅಗಸೆ ಬೀಜ, ಒಂದೂವರೆ ಲೋಟ ನೀರು. ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ಇರಬೇಕು. ಸೌಟು ಎತ್ತಿದರೆ ಮೊಟ್ಟೆಯ ಬಿಳಿಯಂತೆ ನೂಲು ಬಂದ ಕೂಡಲೇ ಇಳಿಸಿ, ಬಿಸಿ ಇರುವಾಗಲೇ ಸೋಸಬೇಕು. ಆರಿದರೆ ಬೀಜಕ್ಕೆ ಅಂಟಿಕೊಂಡು ಜರಡಿಯಿಂದ ಇಳಿಯುವುದೇ ಇಲ್ಲ. ಫ್ರಿಜ್‌ನಲ್ಲಿ ಒಂದು ವಾರ ಇರುತ್ತದೆ. ಒದ್ದೆ ಕೂದಲಿಗೆ ಹಚ್ಚಿ, ಹಳೇ ಕಾಟನ್ ಬಟ್ಟೆಯಲ್ಲಿ ಹಿಂಡಿ, ಮುಟ್ಟದೆ ಒಣಗಲು ಬಿಡುತ್ತೇನೆ.

ಚಿಕ್ಕಮ್ಮನ ಮಗಳ ಮದುವೆ ಬಂದಾಗ "ಇದೊಂದ್ಸಲ ಸ್ಟ್ರೇಟ್ ಮಾಡಿಸ್ಕೊಂಡ್ಬಿಡು" ಅಂತ ಎಲ್ಲರೂ ಹೇಳಿದರು. ಒಪ್ಪಿದ್ದರೆ ಹದಿನಾಲ್ಕು ತಿಂಗಳ ಕೂದಲು ಒಂದೇ ದಿನದಲ್ಲಿ ಹೋಗುತ್ತಿತ್ತು. ಹಿಂದಿನ ರಾತ್ರಿ ಒದ್ದೆ ಕೂದಲಿಗೆ ಏಳು ಸಣ್ಣ ಜಡೆ ಹಾಕಿ ಮಲಗಿದೆ. ಬೆಳಿಗ್ಗೆ ಬಿಚ್ಚಿದರೆ ನೇರ ತುದಿಗಳೂ ಅಲೆ ಅಲೆಯಾಗಿ ಬುಡದ ಜೊತೆ ಹೊಂದಿಕೊಂಡಿದ್ದವು. ಒಂದು ಮೊಳ ಮಲ್ಲಿಗೆ ಮುಡಿದೆ. ಅದರ ನಂತರ ಆಫೀಸಿಗೂ ಇದೇ ಉಪಾಯ.

2023ರ ಮೇನಲ್ಲಿ ಉಳಿದ ನೇರ ಭಾಗ ನಾಲ್ಕು ಬೆರಳು ಮಾತ್ರ. ಹತ್ತಿರದ ಪಾರ್ಲರಿನ ಅಕ್ಕ ಒಂದೊಂದೇ ಸುರುಳಿ ಹಿಡಿದು, ಸಂದಿನ ಸ್ವಲ್ಪ ಮೇಲಕ್ಕೇ ಕತ್ತರಿಸಿದರು. ಈಗ ಎಳೆದು ಹಿಡಿದರೆ ಭುಜ ಮುಟ್ಟುತ್ತದೆ, ಬಿಟ್ಟರೆ ಕಿವಿಯ ಕೆಳಗೆ ನಿಲ್ಲುತ್ತದೆ ಅಂತ ಕನ್ನಡಿಯಲ್ಲಿ ಹತ್ತಾರು ಸಲ ಎಳೆದು ಎಳೆದು ನೋಡಿದೆ. ಬಲಗಿವಿಯ ಹಿಂದಿನ ಸುರುಳಿಗಳು ಉಳಿದವಕ್ಕಿಂತ ಇವತ್ತಿಗೂ ಸ್ವಲ್ಪ ಗಿಡ್ಡ. ಅಲ್ಲಿಗೆ ಕೈ ಹೋದಾಗಲೆಲ್ಲ ಮೆಲ್ಲಗೆ ಬಿಡಿಸುತ್ತೇನೆ.