ಸೂಜಿಗಿಂತ ಮೊದಲು ಪ್ರೋಬ್

ಹುಬ್ಬಳ್ಳಿಯ ನಮ್ಮ ಡಯಾಲಿಸಿಸ್ ಘಟಕಕ್ಕೆ ಗದಗ, ಹಾವೇರಿ ಕಡೆಯಿಂದ ಬರುವ ಹಲವರ ಕುತ್ತಿಗೆಯ ಅಭಿಧಮನಿಗೆ ಅದಾಗಲೇ ಒಂದೆರಡು ಸಲ ಕ್ಯಾಥೆಟರ್, ಅಂದರೆ ಡಯಾಲಿಸಿಸ್‌ಗೆ ರಕ್ತ ಸಾಗಿಸುವ ಕೊಳವೆ, ಹಾಕಿರುತ್ತಾರೆ. ಹೊರಗೆ ಕಾಣುವುದು ಸಣ್ಣದೊಂದು ಕಲೆ. ಒಳಗೆ ಅಭಿಧಮನಿ ಕಿರಿದಾಗಿದೆಯೋ, ರಕ್ತ ಹೆಪ್ಪುಗಟ್ಟಿ ಮುಚ್ಚಿದೆಯೋ ಬೆರಳಿಗೆ ತಿಳಿಯುವುದಿಲ್ಲ. ಅದಕ್ಕೇ ಸೂಜಿ ಕೈಗೆತ್ತಿಕೊಳ್ಳುವ ಮೊದಲು ಕುತ್ತಿಗೆಯ ಎರಡೂ ಬದಿಗೆ ಅಲ್ಟ್ರಾಸೌಂಡ್ ಯಂತ್ರದ ಪ್ರೋಬ್ ಇಟ್ಟು ಪರದೆಯಲ್ಲಿ ನೋಡುತ್ತೇನೆ. ಮೆಲ್ಲಗೆ ಒತ್ತಿದಾಗ ಅಭಿಧಮನಿ ಪೂರ್ತಿ ಚಪ್ಪಟೆಯಾಗಬೇಕು, ಪಕ್ಕದ ಕ್ಯಾರೊಟಿಡ್ ಅಪಧಮನಿ ದುಂಡಗೆ ಮಿಡಿಯುತ್ತಲೇ ಇರಬೇಕು. ಅಭಿಧಮನಿ ಚಪ್ಪಟೆಯಾಗದಿದ್ದರೆ ಹೆಪ್ಪು ಇರಬಹುದೆಂದು ಆ ಬದಿಯನ್ನು ಬಿಡುತ್ತೇನೆ.

ಮೊದಲ ಆಯ್ಕೆ ಕುತ್ತಿಗೆಯ ಬಲಗಡೆಯ ದೊಡ್ಡ ಅಭಿಧಮನಿ, ಇಂಟರ್ನಲ್ ಜುಗುಲರ್. ಅಲ್ಲಿಂದ ಹೃದಯಕ್ಕೆ ದಾರಿ ಹೆಚ್ಚು ನೇರ. ಕೊರಳೆಲುಬಿನ ಕೆಳಗಿನ ಸಬ್‌ಕ್ಲೇವಿಯನ್ ಅಭಿಧಮನಿಗೆ ಆದಷ್ಟೂ ಕೈ ಹಾಕುವುದಿಲ್ಲ. ಅದು ಕಿರಿದಾದರೆ ಮುಂದೆ ಆ ಕೈಯಲ್ಲಿ ಫಿಸ್ಟುಲಾ (ಡಯಾಲಿಸಿಸ್‌ಗಾಗಿ ಅಪಧಮನಿ, ಅಭಿಧಮನಿಗಳನ್ನು ಸೇರಿಸಿ ಹೊಲಿಯುವುದು) ಮಾಡುವ ಅವಕಾಶವೇ ಕೆಡಬಹುದು.

ಸವಣೂರು ಕಡೆಯ ಹಿರಿಯರೊಬ್ಬರು ಶ್ವಾಸಕೋಶದಲ್ಲಿ ನೀರು ತುಂಬಿ ಏದುಸಿರು ಬಿಡುತ್ತ ಬಂದಿದ್ದರು. “ಸಾಹೇಬರೇ, ಮಲಗಿದರೆ ಜೀವ ಹೋಗುತ್ತದೆ” ಎಂದರು. “ಮಲಗುವುದು ಬೇಡ ಅಜ್ಜಾ, ಒರಗಿಕೊಂಡೇ ಇರಿ. ಮುಖ ಮಾತ್ರ ಸ್ವಲ್ಪ ಎಡಕ್ಕೆ ತಿರುಗಿಸಿ” ಎಂದೆ. ಮೈಯಲ್ಲಿ ನೀರು ಹೆಚ್ಚಾಗಿದ್ದರಿಂದ ಒರಗಿದ್ದಾಗಲೂ ಅವರ ಅಭಿಧಮನಿ ಉಬ್ಬಿಕೊಂಡು ಪರದೆಯಲ್ಲಿ ಸ್ಪಷ್ಟವಾಗಿ ಕಂಡಿತು. ಮುಖವನ್ನು ತೀರಾ ತಿರುಗಿಸಬಾರದು. ಅಭಿಧಮನಿ ಸರಿದು ಅಪಧಮನಿಯ ಮೇಲೆ ಕೂರುತ್ತದೆ.

ಅಡ್ಡ ನೋಟದಲ್ಲಿ ಸೂಜಿ ಒಂದು ಬಿಳಿ ಚುಕ್ಕಿ. ಅದು ತುದಿಯೋ, ನಡುಭಾಗವೋ ಎಂಬುದೇ ಪ್ರಶ್ನೆ. ಪ್ರೋಬನ್ನು ಚುಕ್ಕಿ ಮರೆಯಾಗುವವರೆಗೆ ಕೂದಲೆಳೆಯಷ್ಟು ಮುಂದೆ ಜಾರಿಸುತ್ತೇನೆ, ಅದು ಮತ್ತೆ ಕಾಣುವವರೆಗೆ ಸೂಜಿಯನ್ನು ನೂಕುತ್ತೇನೆ. ಹೀಗೆ ತುದಿಯನ್ನು ಕಣ್ಣಳತೆಯಲ್ಲೇ ಇಟ್ಟುಕೊಂಡು ಅಭಿಧಮನಿಯೊಳಗೆ ಇಳಿಸುತ್ತೇನೆ.

ಸೂಜಿಯ ಮೂಲಕ ಗೈಡ್ ವೈರ್, ಅಂದರೆ ಕ್ಯಾಥೆಟರ್‌ಗೆ ದಾರಿಯಾಗುವ ತೆಳು ತಂತಿ, ಒಳಗೆ ಹೋದ ಮೇಲೆ ಎಷ್ಟೇ ಅವಸರವಿದ್ದರೂ ನಿಲ್ಲುತ್ತೇನೆ. ಪ್ರೋಬನ್ನು ಉದ್ದಕ್ಕೆ ತಿರುಗಿಸಿ, ತಂತಿ ಅಭಿಧಮನಿಯೊಳಗೇ ಇದೆ, ಹಿಂಬದಿಯ ಗೋಡೆಯನ್ನು ಚುಚ್ಚಿ ಹೊರಬಿದ್ದಿಲ್ಲ ಎಂದು ಕಣ್ಣಾರೆ ನೋಡದೆ, ತೂತನ್ನು ಹಿಗ್ಗಿಸುವ ಡೈಲೇಟರ್ ಕೇಳುವುದಿಲ್ಲ. ಸೂಜಿ ಅಪಧಮನಿಗೆ ತಾಗಿದರೆ ಸಾಮಾನ್ಯವಾಗಿ ಒತ್ತಿಹಿಡಿದು ರಕ್ತ ನಿಲ್ಲಿಸಬಹುದು. ಆದರೆ 12 ಫ್ರೆಂಚ್ ಕ್ಯಾಥೆಟರ್ ಎಂದರೆ 4 ಮಿಲಿಮೀಟರ್ ದಪ್ಪ. ಅಷ್ಟು ದೊಡ್ಡ ತೂತು ಬಿದ್ದರೆ ಶಸ್ತ್ರಚಿಕಿತ್ಸೆಯೇ ಬೇಕಾಗಬಹುದು. ಯೂರಿಯಾ ಏರಿದವರಲ್ಲಿ ಪ್ಲೇಟ್‌ಲೆಟ್ ಸಂಖ್ಯೆ ಸರಿಯಿದ್ದರೂ ಅವು ನೆಟ್ಟಗೆ ಕೆಲಸ ಮಾಡುವುದಿಲ್ಲ, ರಕ್ತ ಬೇಗ ನಿಲ್ಲುವುದಿಲ್ಲ.

ಹೊಸದಾಗಿ ಘಟಕ ಆರಂಭಿಸುವವರು ಗಮನಿಸಬೇಕಾದ ಇನ್ನೊಂದು ವಿಷಯವಿದೆ. ಕುತ್ತಿಗೆ ನೋಡಲಷ್ಟೇ ಬಳಸಿದರೂ ಅಲ್ಟ್ರಾಸೌಂಡ್ ಯಂತ್ರ ಭ್ರೂಣಲಿಂಗ ಪತ್ತೆ ತಡೆಯುವ 1994ರ ಪಿಸಿಪಿಎನ್‌ಡಿಟಿ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಯಂತ್ರ ಖರೀದಿಸುವ ಮೊದಲೇ ನೋಂದಣಿಯ ಕಾಗದಪತ್ರ ಮುಗಿಸಿಕೊಳ್ಳಿ.