ಉಸಿರು ಬಿಡೋದನ್ನ ನಾನು ಕಲಿತಿದ್ದು ಬಾಕ್ಸಿಂಗ್ ರಿಂಗಲ್ಲಿ

ಬಿಕಾಂ ಎರಡನೇ ವರ್ಷದಲ್ಲಿ ಬಾಕ್ಸಿಂಗ್ ಸೇರಿದೆ. ಮನೆ ಮತ್ತಿಕೆರೆ, ಕಾಲೇಜು ಮಲ್ಲೇಶ್ವರ, ಟ್ರೈನಿಂಗ್ ಯಶವಂತಪುರದ ಹತ್ರ ಒಂದು ಬಿಲ್ಡಿಂಗಿನ ಬೇಸ್‌ಮೆಂಟಲ್ಲಿ, ಬೆಳಗ್ಗೆ ಐದೂವರೆಗೆ. ಅಮ್ಮಂಗೆ ಒಂಚೂರೂ ಇಷ್ಟ ಇರ್ಲಿಲ್ಲ, "ಮೂಗು ಗೀಗು ಮುರ್ಕೊಂಡು ಬಂದ್ರೆ ಏನೇ ಗತಿ" ಅಂತ ಒಂದು ವಾರ ಅದೇ ಮಾತು, ಅಪ್ಪ ಮಾತ್ರ "ಒಂದ್ ತಿಂಗಳು ಹೋಗಿ ನೋಡ್ಲಿ ಬಿಡೇ" ಅಂದ್ರು, ಅಷ್ಟು ಸಾಕಾಯ್ತು ನಂಗೆ.

ಹೋದ ದಿನಾನೇ ಗ್ಲೌಸ್ ಹಾಕ್ಕೊಂಡು ಬ್ಯಾಗಿಗೆ ಹೊಡೀಬೋದು ಅನ್ಕೊಂಡಿದ್ದೆ. ಮೊದಲ ಮೂರು ವಾರ ಬರೀ ಸ್ಕಿಪ್ಪಿಂಗ್ ಮತ್ತೆ ಕಾಲು. ಎಡಗಾಲು ಮುಂದೆ, ಬಲಗಾಲು ಹಿಂದೆ, ಹಿಂದಿನ ಹಿಮ್ಮಡಿ ನೆಲದಿಂದ ಸ್ವಲ್ಪ ಮೇಲೆ, ಗದ್ದ ಕೆಳಗೆ. ಮುಂದೆ ಹೋಗುವಾಗ ಮುಂದಿನ ಕಾಲೇ ಮೊದಲು ಹೋಗ್ಬೇಕು, ಹಿಂದೆ ಬರುವಾಗ ಹಿಂದಿನ ಕಾಲು, ಎರಡೂ ಅಡ್ಡಡ್ಡ ಆದ್ರೆ ಸಣ್ಣ ಏಟು ಬಿದ್ರೂ ಬ್ಯಾಲೆನ್ಸ್ ಹೋಗತ್ತೆ. ಬೋರ್ ಆಗ್ತಿತ್ತು ನಿಜ. ಆದ್ರೆ ಆಮೇಲೆ ಬಲಗೈ ಕ್ರಾಸ್ (ಹಿಂದಿನ ಕೈಯಿಂದ ನೇರವಾಗಿ ಹೊಡೆಯೋ ಏಟು) ಹೇಳ್ಕೊಟ್ಟಾಗ ಗೊತ್ತಾಯ್ತು, ಏಟಿನ ಜೋರು ತೋಳಿಂದ ಬರೋದೇ ಇಲ್ಲ, ಹಿಂದಿನ ಪಾದ ತಿರುಗತ್ತೆ, ಅದರ ಹಿಂದೆ ಸೊಂಟ, ಆಮೇಲೆ ಭುಜ, ಕೊನೇಲಿ ಕೈ.

ಒಂದು ತಪ್ಪು ಮಾಡಿದೆ, ಅದನ್ನ ಹೇಳ್ಲೇಬೇಕು. ಎರಡನೇ ತಿಂಗಳಲ್ಲಿ ಒಂದಿನ ಲೇಟಾಗಿ ಹೋದೆ, ಕೈಗೆ ಪಟ್ಟಿ ಸುತ್ಕೊಳ್ಳದೆ ಬರೀ ಗ್ಲೌಸ್ ಹಾಕಿ ಬ್ಯಾಗಿಗೆ ಹೊಡೆದೆ. ಹುಕ್ (ಮೊಣಕೈ ಮಡಚಿ ಪಕ್ಕದಿಂದ ಬೀಸೋ ಏಟು) ಹೊಡೆದಾಗ ಮುಷ್ಟಿ ಓರೆಯಾಗಿ ಕಿರುಬೆರಳ ಕಡೆ ಬಿತ್ತು, ಮಣಿಕಟ್ಟಿನ ತನಕ ಚಳುಕು. ಕೈ ಊದ್ಕೊಳ್ತು, ಎಕ್ಸ್‌ರೇಲಿ ಮೂಳೆ ಸರಿ ಇದೆ ಅಂದ್ರು, ಆದ್ರೂ ಎರಡು ವಾರ ರೆಸ್ಟ್. ಕಿರುಬೆರಳಿನ ಕೆಳಗಿನ ಮೂಳೆ ಮುರಿದ್ರೆ ಅದಕ್ಕೆ ಬಾಕ್ಸರ್ಸ್ ಫ್ರಾಕ್ಚರ್ ಅಂತಾನೇ ಹೆಸರಿದೆ ಅಂತ ಡಾಕ್ಟರ್ ಹೇಳಿದ್ದು ಆವಾಗ್ಲೇ. ಏಟು ಬೀಳ್ಬೇಕಾಗಿದ್ದು ತೋರುಬೆರಳು, ನಡುಬೆರಳಿನ ಗೆಣ್ಣಿನ ಮೇಲೆ, ಮಣಿಕಟ್ಟು ನೆಟ್ಟಗಿರ್ಬೇಕು. ಈಗ ಎಷ್ಟೇ ಲೇಟಾದ್ರೂ ಮೊದಲು ಪಟ್ಟಿ: ಹೆಬ್ಬೆರಳಿಗೆ ಕುಣಿಕೆ ಹಾಕಿ ಮಣಿಕಟ್ಟಿಗೆ ಮೂರು ಸುತ್ತು, ಗೆಣ್ಣುಗಳ ಮೇಲೆ ಮೂರು ಸುತ್ತು, ಆಮೇಲೆ ಬೆರಳುಗಳ ಸಂದಿಲಿ ಒಂದೊಂದಾಗಿ ಎಳೆದು ತಂದು, ಮಿಕ್ಕಿದ್ದನ್ನ ಮತ್ತೆ ಮಣಿಕಟ್ಟಿಗೇ. ಸುತ್ತುವಾಗ ಬೆರಳು ಅಗಲಿಸ್ಕೊಂಡೇ ಇರ್ಬೇಕು, ಮುಷ್ಟಿ ಕಟ್ಟಿದಾಗ ಬಿಗಿ ಅನ್ನಿಸ್ಬೇಕು, ಆದ್ರೆ ಬೆರಳು ಜೋಮು ಹಿಡೀಬಾರದು.

ಐದನೇ ತಿಂಗಳಲ್ಲಿ ಮೊದಲ ಸ್ಪಾರಿಂಗ್, ಅಂದ್ರೆ ರಿಂಗಲ್ಲಿ ಇನ್ನೊಬ್ಬರ ಜೊತೆ ಪ್ರಾಕ್ಟೀಸ್ ಫೈಟ್. ಎದುರಿಗಿದ್ದೋಳು ಹತ್ತನೇ ಕ್ಲಾಸ್ ಹುಡುಗಿ, ನನಗಿಂತ ಕುಳ್ಳಿ, ನನ್ನನ್ನ ಅಕ್ಕ ಅಂತಾಳೆ. ಹೆಡ್‌ಗಾರ್ಡ್, ಬಾಯಿಗೆ ಗಾರ್ಡ್, ಹದಿನಾರು ಔನ್ಸ್ ಗ್ಲೌಸ್. ರೌಂಡ್ ಮೂರು ನಿಮಿಷ, ಮಧ್ಯ ಒಂದು ನಿಮಿಷ ರೆಸ್ಟ್. ದಿನಾ ಸ್ಯಾಂಕಿ ಕೆರೆ ಸುತ್ತ ಓಡ್ತಿದ್ದೆ, ದಮ್ಮಿಗೇನೂ ಕಮ್ಮಿ ಇರ್ಲಿಲ್ಲ. ಆದ್ರೂ ಒಂದೇ ನಿಮಿಷಕ್ಕೆ ಕೈ ಕಲ್ಲಾಯ್ತು, ಎದೆ ಉರಿ, ಅವಳ ಜ್ಯಾಬ್ (ಮುಂದಿನ ಕೈಯಿಂದ ಹೊಡೆಯೋ ನೇರ ಏಟು) ಬರೋದು ಕಾಣ್ತಿದೆ, ಕೈ ಮೇಲೆ ಏಳ್ತಿಲ್ಲ. ಹಗ್ಗದ ಆಚೆಯಿಂದ ಕೋಚ್ ಕೂಗ್ತಿದ್ರು, "ಉಸಿರು ಬಿಡಮ್ಮಾ, ಯಾಕ್ ಕಟ್ಕೊಂಡಿದೀಯ, ಬಿಡು!"

ಆವಾಗ ಗಮನಕ್ಕೆ ಬಂತು, ಅವಳ ಭುಜ ಅಲ್ಲಾಡಿದ ತಕ್ಷಣ ನಾನು ಉಸಿರು ಬಿಗಿಹಿಡಿದು ಕಣ್ಣು ಮುಚ್ತಿದ್ದೆ. ಏಟು ಬೀಳ್ಲಿ ಬೀಳದೇ ಇರ್ಲಿ, ಮೈಯೆಲ್ಲಾ ಬಿಗಿ. ಬಾಕ್ಸರ್‌ಗಳು ಹೊಡೆಯುವಾಗ 'ಸ್ಸ್' ಅಂತ ಸದ್ದು ಮಾಡೋದು ಶೋಕಿಗಲ್ಲ, ಪ್ರತಿ ಏಟಿಗೂ ಸ್ವಲ್ಪ ಉಸಿರು ಹೊರಗೆ ಹೋಗ್ಲಿ ಅಂತ, ಹಂಗೆ ಬಿಟ್ರೆ ಹೊಟ್ಟೆ ತಾನಾಗೇ ಗಟ್ಟಿಯಾಗತ್ತೆ, ಭುಜ ಸಡಿಲ ಆಗತ್ತೆ. ಅವತ್ತಿಂದ ಎರಡು ತಿಂಗಳು ನನಗೆ ಅದೊಂದೇ ಕೆಲಸ. ಕೋಚ್ ಪ್ಯಾಡ್ ತಗೊಂಡು ಮುಖದ ಹತ್ರ ಮೆಲ್ಲಗೆ ತಂದು ತಟ್ಟೋರು, ನಾನು ಕಣ್ಣು ಬಿಟ್ಕೊಂಡೇ ಉಸಿರು ಬಿಡ್ಬೇಕು. ಜ್ಯಾಬಿಗೆ ಒಂದು ಸ್ಸ್, ಕ್ರಾಸಿಗೆ ಒಂದು ಸ್ಸ್, ಏಟು ತಡೆಯುವಾಗಲೂ ಒಂದು.

ಇದು ಕಾಲೇಜಲ್ಲಿ ಉಪಯೋಗಕ್ಕೆ ಬರತ್ತೆ ಅಂತ ನಾನು ಯೋಚನೆನೂ ಮಾಡಿರ್ಲಿಲ್ಲ. ಮೊದಲ ವರ್ಷದ ಸೆಮಿನಾರಲ್ಲಿ ಎರಡನೇ ಸ್ಲೈಡಿಗೇ ಮಾತು ನಿಂತು ಕೂತ್ಕೊಂಡಿದ್ದೆ, ಓದಿದ್ದೆಲ್ಲ ತಲೇಲಿತ್ತು, ಗಂಟಲಿಂದ ಹೊರಗೆ ಬರ್ಲಿಲ್ಲ. ಕೊನೇ ವರ್ಷದ ಪ್ರಾಜೆಕ್ಟ್ ವೈವಾದಲ್ಲಿ ಹೊರಗಿಂದ ಬಂದಿದ್ದ ಮೇಡಂ ನನ್ನ ಲೆಕ್ಕದಲ್ಲೇ ತಪ್ಪು ತೋರಿಸಿದ್ರು. ಎದೆ ಬಿಗಿಯೋಕೆ ಶುರುವಾಗಿದ್ದು ಗೊತ್ತಾಯ್ತು, ಅದೇ ಹಳೇ ಬಿಗಿ, ಅದೇ ಜಾಗ. ಮೆಲ್ಲಗೆ ಉಸಿರು ಬಿಟ್ಟು, ಅವರ ಮುಖಾನೇ ನೋಡ್ತಾ, "ಹೌದು ಮೇಡಂ, ಇಲ್ಲಿ ಸವಕಳಿ ಎರಡು ಸಲ ಕಳೆದಿದೀನಿ" ಅಂದೆ. ಮುಂದಿನ ಪ್ರಶ್ನೆ ಕೇಳಿದ್ರು, ಅದಕ್ಕೂ ಉತ್ತರ ಕೊಟ್ಟೆ.

ಹೊಸದಾಗಿ ಸೇರೋರಿಗೆ ಒಂದು ಮಾತು, ತಲೆಗೆ ಏಟು ಬಿದ್ದು ತಲೆನೋವು, ವಾಕರಿಕೆ, ಮಂಪರು ಏನೇ ಇದ್ರೂ ಅಲ್ಲೇ ನಿಲ್ಲಿಸಿ ಡಾಕ್ಟರ್ ಹತ್ರ ಹೋಗಿ. ಅವರು ಸರಿ ಅನ್ನೋ ತನಕ ಸ್ಪಾರಿಂಗ್ ಬೇಡ. "ಪರ್ವಾಗಿಲ್ಲ, ಇನ್ನೊಂದು ರೌಂಡ್" ಅನ್ನೋ ಕೋಚ್ ಹತ್ರ ಕಲೀಬೇಡಿ.

ಎರಡು ವರ್ಷ ಆಗ್ತಾ ಬಂತು. ಆ ಹುಡುಗಿ ಈಗ ಸೆಕೆಂಡ್ ಪಿಯು, ಇನ್ನೂ ನನಗಿಂತ ಫಾಸ್ಟ್. ಮೂರನೇ ರೌಂಡಿನ ಕೊನೇ ಅರ್ಧ ನಿಮಿಷದಲ್ಲಿ ನನ್ನ ಬಲಗೈ ಕೆನ್ನೆಯಿಂದ ಕೆಳಗೆ ಜಾರತ್ತೆ, ಅವಳ ಎಡಗೈ ಹುಕ್ ನೇರ ಅಲ್ಲಿಗೇ ಬರತ್ತೆ. ಈ ತಿಂಗಳು ಅದರ ಮೇಲೆ ಕೆಲಸ ನಡೀತಿದೆ.